ಬೇಡ ಎಂದವರಿಗೆ ಮೊದಲ ಸೌಟು

ಆಂಟಿಯ ಬಲಗೈ ಕಿವಿಯಿಂದ ಮೇಲೆ ಏಳುತ್ತಿರಲಿಲ್ಲ. ಭುಜ ಹಿಡಿದುಕೊಂಡು ವರ್ಷಗಳಾಗಿದ್ದವು. ಆದರೂ ಮತ ಕೇಳಿದರೆ, ಎಡಗೈಯಿಂದ ಬಲಮೊಣಕೈ ಒತ್ತಿ, ಹಲ್ಲು ಕಚ್ಚಿ ಎತ್ತಿಯೇ ತೀರುತ್ತಿದ್ದರು. "ಎಡಗೈ ಎತ್ತಿ ಆಂಟಿ, ಸಾಕು" ಎಂದರೆ, "ಒಪ್ಪಿಗೆ ಎಡಗೈಲಿ ಕೊಡ್ತಾರೇನೇ?" ಎಂದು ಗದರುತ್ತಿದ್ದರು.

ಮೈಸೂರಿನವರು, ಭೂಕಂಪ ವಿಜ್ಞಾನಿ. ನೆಲ ನಡುಗಿದರೆ ಅದು ಭೂಕಂಪವೋ, ಯಾರೋ ನೆಲದಡಿ ಸಿಡಿಸಿದ ಅಣುಬಾಂಬೋ ಎಂದು ಪತ್ತೆಹಚ್ಚುವುದೇ ಅವರ ಜೀವಮಾನದ ಕೆಲಸ. ಕೋವಿಡ್ ಕಾಲದಲ್ಲಿ ನಾನು ಅಮೆರಿಕದ ಸ್ಯಾನ್ ಡಿಯಾಗೊಗೆ ಓದಲು ಬಂದಾಗ ನಿವೃತ್ತರಾಗಿದ್ದರು. ಭಾನುವಾರ ಸ್ಕ್ರಿಪ್ಸ್ ರ್ಯಾಂಚ್ ಬಡಾವಣೆಯ ತಮ್ಮ ಮನೆಯ ಹಿತ್ತಲಲ್ಲಿ ನಮ್ಮಂಥ ವಿದ್ಯಾರ್ಥಿಗಳನ್ನು ದೂರ ದೂರ ಕೂರಿಸಿ ಊಟ ಹಾಕುತ್ತಿದ್ದರು. ಮುಂದಿನ ವಾರ ಏನು ಮಾಡಲಿ ಎಂದು ಕೈ ಎತ್ತಿಸಿ ಕೇಳುವುದು ಪದ್ಧತಿ. "ಏನಾದ್ರೂ ಓಕೆ ಆಂಟಿ" ಎಂದವರಿಗೆ ಬೈಗುಳ. ಬಿಸಿಬೇಳೆಬಾತ್ ಗೆದ್ದರೆ, ಅದು ಬೇಡವೆಂದು ಕೈ ಎತ್ತಿದವರಿಗೇ ಮೊದಲ ಸೌಟು. "ಅವನು ಮುಖ ತೋರಿಸಿ ಬೇಡ ಅಂದ. ನಾಳೆ ಅವನ ಹತ್ರ ಮತ್ತೆ ಮಾತಾಡಬಹುದು. ಬಾಯೇ ಬಿಡದವನ ಹತ್ರ ಏನು ಮಾತಾಡ್ಲಿ?"

ಅಮೆರಿಕ, ರಷ್ಯಾ ಎರಡರ ಅಣ್ವಸ್ತ್ರಗಳಿಗೂ ಮಿತಿ ಹಾಕಿದ್ದ ಕೊನೆಯ ಒಪ್ಪಂದವನ್ನು 2021ರಲ್ಲಿ ಐದು ವರ್ಷ ಮುಂದುವರಿಸಿದರು. ರಷ್ಯಾದ ಸಂಸತ್ತು ಒಂದೇ ದಿನದಲ್ಲಿ ಮತ ಹಾಕಿ ಮುಗಿಸಿತು. ಇಲ್ಲಿ ಮೇಲ್ಮನೆಯಾದ ಸೆನೆಟ್‌ನ ಮತವೇ ಬೇಕಾಗಲಿಲ್ಲ. ಆದರೆ ಇನ್ನೊಮ್ಮೆ ಮುಂದುವರಿಸುವ ಅವಕಾಶ ಅದರಲ್ಲಿರಲಿಲ್ಲ. ಹೊಸದು ಬೇಕು, ಹೊಸದಕ್ಕೆ ಸೆನೆಟ್‌ನ ಮೂರರಲ್ಲಿ ಎರಡು ಪಾಲು ಒಪ್ಪಬೇಕು. ಅದಕ್ಕೆಂದೇ ಆಂಟಿ ದಶಕಗಳಿಂದ ಬಿಡದಿದ್ದ ಭಾರತದ ಪಾಸ್‌ಪೋರ್ಟ್ ಬಿಟ್ಟು ಇಲ್ಲಿನ ಪ್ರಜೆಯಾದರು. "ಮೊದಲು ಸೆನೆಟರ್ ನನ್ನ ಮತ ಕೇಳೋ ಹಾಗಾಗ್ಲಿ. ಆಮೇಲೆ ನಾನು ಅವರ ಮತ ಕೇಳ್ತೀನಿ" ಎಂದರು. ಪೌರತ್ವದ ಪ್ರಮಾಣ ಮಾಡಿದ ದಿನ ಮನೆಗೆ ಬಂದು ಅತ್ತೇಬಿಟ್ಟರು.

ಸೆನೆಟರ್ ಕಚೇರಿಗೆಂದು ಲಾಸ್ ಏಂಜಲಿಸ್‌ಗೆ ನಾನೇ ಡ್ರೈವ್ ಮಾಡಿಕೊಂಡು ಹೋಗಿದ್ದೆ. ಅಲ್ಲಿನ ಟೈ ಕಟ್ಟಿದ ಸಿಬ್ಬಂದಿಯೊಬ್ಬ ನಗುನಗುತ್ತಾ, ನಿಮ್ಮ ಕಾಳಜಿಯನ್ನು ತಲುಪಿಸುತ್ತೇನೆ ಎಂದ. ಫ್ರೀವೇ ಉದ್ದಕ್ಕೂ ಆಂಟಿ ಗೊಣಗಿದ್ದು ಒಂದೇ: "ಹೂಂ ಅನ್ಲಿಲ್ಲ, ಊಹೂಂ ಅನ್ಲಿಲ್ಲ."

ಅವನನ್ನೇನು ಹೇಳುವುದು, ನಮ್ಮವರೇನು ಕಡಿಮೆಯೇ? ನಮ್ಮ ಕನ್ನಡ ಸಂಘದ ವಾರ್ಷಿಕ ಸಭೆಯಲ್ಲಿ ಮತ ಎಂದರೆ ಚಪ್ಪಾಳೆ, ಅದೂ ಊಟಕ್ಕೆ ಮುಂಚೆ. ಹೊಸ ಒಪ್ಪಂದ ತಂದು ಮತಕ್ಕೆ ಹಾಕಿ ಎಂದು ಸೆನೆಟರ್‌ಗೆ ಸಂಘದಿಂದ ಬರೆಯೋಣ ಎಂದು ಆಂಟಿ ನಿರ್ಣಯ ಮಂಡಿಸಿದರು. ಪೂರಿಯ ವಾಸನೆ ಬರುತ್ತಿತ್ತು. ಜನ ಕೇಳಿಸಿಕೊಳ್ಳದೆಯೇ ಚಪ್ಪಾಳೆ ತಟ್ಟಿ ಎದ್ದರು. ತಿಂಗಳಾದರೂ ಏನೂ ಹೋಗಲಿಲ್ಲ. ಕೇಳಿದರೆ ಅಧ್ಯಕ್ಷರು, "ಇದೆಲ್ಲ ಪಾಲಿಟಿಕ್ಸ್ ಆಗುತ್ತೆ ಆಂಟಿ. ಯಾರೂ ಸೀರಿಯಸ್ಸಾಗಿ ತಟ್ಟಿಲ್ಲ" ಎಂದರು.

"ಹಾಗಿದ್ರೆ ಅವತ್ತೇ ಬೇಡ ಅನ್ನಬೇಕಿತ್ತಪ್ಪಾ" ಎಂದರು ಆಂಟಿ. ನನಗೆ ಮೈಯೆಲ್ಲಾ ಉರಿದುಹೋಯಿತು. ಈಗಲೂ ಉರಿಯುತ್ತದೆ.

ಹೊಸ ಒಪ್ಪಂದ ಸೆನೆಟ್ ಮುಂದೆ ಬರಲೇ ಇಲ್ಲ. ಈ ವರ್ಷದ ಜನವರಿ ಕೊನೆಗೆ ಆಂಟಿ ಹೋದರು. ಅವರ ವೈಕುಂಠ ಸಮಾರಾಧನೆಯ ಹೊತ್ತಿಗೆ ಹಳೆಯ ಒಪ್ಪಂದವೂ ಐದು ವರ್ಷ ತುಂಬಿ ಹೋಗಿತ್ತು. ಲೋಕವನ್ನೇ ಸುಡುವ ಬಾಂಬುಗಳ ಮೇಲಿನ ಕಟ್ಟು ಬಿಚ್ಚಿತು, ಬೇಡ ಎಂದು ಒಬ್ಬನೂ ಮುಖ ತೋರಿಸಿ ಹೇಳಬೇಕಾಗಲಿಲ್ಲ. ನಾಚಿಕೆಯಾಗಬೇಕು.

ಸಂಘದ ಹಾಲ್‌ನಲ್ಲೇ ಊಟ. ನುಡಿನಮನ ಮುಗಿಯುತ್ತಿದ್ದಂತೆ ನಾನು ಎದ್ದು, "ಆಂಟಿ ನಿರ್ಣಯ ಮತ್ತೆ ಮಂಡಿಸ್ತಿದೀನಿ. ಚಪ್ಪಾಳೆ ಬೇಡ, ಕೈ ಎತ್ತಿ" ಎಂದೆ.

"ಇವತ್ತು ಬೇಡಮ್ಮಾ, ಸಂದರ್ಭ ಅಲ್ಲ" ಎಂದರು ಅಧ್ಯಕ್ಷರು.

ಆಂಟಿಯ ಮಗಳು ಮುಂದಿನ ಸಾಲಿನಿಂದಲೇ, "ಲೆಟ್ ಹರ್, ಅಂಕಲ್" ಎಂದಳು.

ಒಂದೊಂದಾಗಿ ಕೈಗಳು ಎದ್ದವು. ಅರ್ಧಕ್ಕಿಂತ ಹೆಚ್ಚೇ ಇದ್ದವು. ಬೇಡ ಅನ್ನುವವರು ಎಂದು ಕೇಳಿದೆ. ಎಲ್ಲರೂ ನೆಲ ನೋಡುತ್ತಿರುವಾಗ ಅಧ್ಯಕ್ಷರೊಬ್ಬರೇ ಕೈ ಎತ್ತಿದರು. "ಸಂಘಕ್ಕೆ ಇದು ಬೇಡ ಅಂತಾನೇ ನನ್ನ ಅಭಿಪ್ರಾಯ" ಎಂದರು. ಮುಖ ಕೆಂಪಾಗಿತ್ತು, ಆದರೆ ಕೈ ಇಳಿಸಲಿಲ್ಲ.

ಎಲೆ ಹಾಕಿದಾಗ ಸೌಟು ಹಿಡಿದು ನೇರ ಅವರ ಎಲೆಯ ಮುಂದೆ ಹೋಗಿ ನಿಂತೆ.

"ನಂಗ್ಯಾಕಮ್ಮಾ ಮೊದಲು?" ಎಂದರು.

"ಆಂಟಿ ಮನೆ ಪದ್ಧತಿ" ಎಂದು ಬಡಿಸಿದೆ.