ಬೆಳಕಿನ ಕೋಲು ಹಿಡಿದವಳು

ಅಕ್ಕ ನನ್ನ ಪಕ್ಕದಲ್ಲೇ ನಿಂತಿದ್ದಾಗ, ನನಗೆ ಯಾರೂ ಇಲ್ಲ ಎಂದು ನಾನು ಹೇಳಿದ್ದೇನೆ. ಸಾಂಗಲಿಯ ಒಂದು ಕ್ಯಾಮೆರಾ ಅಂಗಡಿಯಲ್ಲಿ, ಹಾಡಹಗಲಿನಲ್ಲಿ, ಅವಳಿಗೆ ಕೇಳಿಸುವಷ್ಟು ಗಟ್ಟಿಯಾಗಿ. ಒಂಬತ್ತು ವರ್ಷ ಇದನ್ನು ಯಾರ ಮುಂದೆಯೂ ಆಡಿರಲಿಲ್ಲ. ಅಕ್ಕ ಹೋಗಿ ಈಗ ಏಳು ತಿಂಗಳು. ಅವಳಿದ್ದಾಗ ಹೇಳದೆ ಈಗ ಬರೆಯಲು ಕೂತಿದ್ದೇನೆ — ಇದೂ ಹೇಡಿತನವೇ ಇರಬಹುದು.

ನಾನು ಉಟಗಿಯವನು. ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಊರುಗಳಲ್ಲಿ ಮದುವೆಯ ಫೋಟೋ ತೆಗೆಯುವುದು ನನ್ನ ಕೆಲಸ. ಅಕ್ಕ ಮದುವೆಯಾದ ನಾಲ್ಕೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ನಮ್ಮಲ್ಲಿಗೆ ತಿರುಗಿ ಬಂದಳು. ಅಪ್ಪ, ಅವ್ವ ತೀರಿದ ಮೇಲೆ ಮನೆಯಲ್ಲಿ ನಾವಿಬ್ಬರೇ. ನಾನು ಮದುವೆಯಾಗಲಿಲ್ಲ.

ಕ್ಯಾಮೆರಾದ ತಲೆಯ ಮೇಲೆ ಕೂತ ಫ್ಲ್ಯಾಶ್ ನೇರವಾಗಿ ಹೊಡೆದರೆ ಎಂಥ ಮುಖವೂ ರೊಟ್ಟಿಯ ಹಾಗೆ ಚಪ್ಪಟೆಯಾಗುತ್ತದೆ. ಅದನ್ನು ಬಿಚ್ಚಿ ಪಕ್ಕದಿಂದ ಬೆಳಕು ಕೊಟ್ಟರೆ ಮೂಗು, ಗಲ್ಲ, ಕಣ್ಣಿನ ತೇವ ಎಲ್ಲ ಕಾಣುತ್ತವೆ. ಒಂದು ಬಿದಿರು ಕೋಲಿನ ತುದಿಗೆ ಫ್ಲ್ಯಾಶ್ ಕಟ್ಟಿ, ಅದರ ಮುಂದೆ ಅಪ್ಪನ ಹಳೆಯ ಧೋತರದ ತುಂಡನ್ನು ಇಳಿಬಿಟ್ಟು, ಅಕ್ಕನ ಕೈಗೆ ಕೊಟ್ಟಿದ್ದೆ. ಹಿಡಿದುಕೊಂಡಿರು ಅಂದೆ, ಅಷ್ಟೇ. ಎಲ್ಲಿ ನಿಲ್ಲಬೇಕು, ಎಷ್ಟು ಬಾಗಿಸಬೇಕು ಎಂಬುದನ್ನು ಅವಳೇ ಕಂಡುಕೊಂಡಳು. ಮದುಮಗಳ ನತ್ತು ಯಾವ ಕಡೆ ಇದೆಯೋ ನೋಡಿ ಆ ಕಡೆ ನಿಲ್ಲುತ್ತಿದ್ದಳು. ಹೆದರಿ ಮುಖ ಬಿಗಿದುಕೊಂಡು ಕೂತ ಹುಡುಗಿಗೆ ಕೋಲಿನ ಹಿಂದಿನಿಂದ ಮೆಲ್ಲಗೆ ಹೇಳುತ್ತಿದ್ದಳು: “ಈಗ ನಕ್ಕೊಂಡ ಬಿಡ ತಂಗಿ, ನಾಳಿಂದ ಅತ್ತೀನ ಕೇಳಿ ನಗಬೇಕಾಗ್ತದ.” ಹುಡುಗಿ ನಕ್ಕಾಗ ನಾನು ಗುಂಡಿ ಒತ್ತುತ್ತಿದ್ದೆ. ಜನ ನನ್ನ ಕೈಗುಣ ಹೊಗಳುತ್ತಿದ್ದರು — ನಾನು ಸುಮ್ಮನೆ ಹೊಗಳಿಸಿಕೊಳ್ಳುತ್ತಿದ್ದೆ.

ಬೆಳುಂಕಿಯ ಒಂದು ಮದುವೆ. ಎಲ್ಲರ ಕೈಗೂ ಬಣ್ಣ ಹಾಕಿದ ಜೋಳದ ಅಕ್ಷತೆ ಹಂಚಿ ಆಗಿತ್ತು. ಅಕ್ಕ ಆಗಲೇ ಮದುಮಕ್ಕಳ ಎಡಕ್ಕೆ ಹೋಗಿ ನಿಂತಿದ್ದಳು. ಮದುಮಗನ ಸೋದರತ್ತೆ ನನ್ನ ಹತ್ತಿರ ಬಂದು, ತೀರಾ ಮೆಲುದನಿಯಲ್ಲಿ, “ಅಕ್ಷತಿ ಬೀಳೂ ಹೊತ್ತಿಗೆ ನಿಮ್ಮ ಅಕ್ಕಾರು ಒಂದೀಟ ಹಿಂದ ಇರಲಿ. ತಪ್ಪ ತಿಳ್ಕೋಬ್ಯಾಡ್ರಿ” ಅಂದರು. ಕೆಟ್ಟವರಲ್ಲ ಆಕೆ. ಅಕ್ಕನಿಲ್ಲದೆ ಫೋಟೋ ಬರುವುದಿಲ್ಲ ಎಂದು ನಾನು ಒಂದು ಮಾತು ಹೇಳಿದ್ದರೆ ಒಪ್ಪುತ್ತಿದ್ದರೋ ಏನೋ. ಹೇಳಲಿಲ್ಲ. ಅಕ್ಕನ ಹತ್ತಿರ ಹೋಗಿ, ಇವತ್ತು ಹಿಂದಿನಿಂದ ಬೆಳಕು ಬೇಕು ಎಂದು ಸುಳ್ಳು ಹೇಳಿ, ಅವಳನ್ನು ಧ್ವನಿವರ್ಧಕದ ಪೆಟ್ಟಿಗೆಗಳ ಹಿಂದೆ ನಿಲ್ಲಿಸಿದೆ. ಅಲ್ಲಿಂದ ಯಾರ ಮುಖಕ್ಕೂ ಬೆಳಕು ಮುಟ್ಟುವುದಿಲ್ಲ ಎಂದು ನನಗಿಂತ ಚೆನ್ನಾಗಿ ಅವಳಿಗೆ ಗೊತ್ತಿತ್ತು. ಆದರೂ ಕೊನೆಯ ಕಾಳು ಬೀಳುವವರೆಗೆ ಕೋಲು ಎತ್ತಿಯೇ ಹಿಡಿದಿದ್ದಳು.

ಅದಾದ ತಿಂಗಳಿಗೆ ಫ್ಲ್ಯಾಶಿನ ಹೊಸ ಕಿಟ್ ತರಲು ಇಬ್ಬರೂ ಸಾಂಗಲಿಗೆ ಹೋದೆವು. ಅಂಗಡಿಯವನು ಎರಡು ತೋರಿಸಿದ. ಒಂದರಲ್ಲಿ ಒಂದೇ ಫ್ಲ್ಯಾಶ್, ಬೆಳಕನ್ನು ಮೆತ್ತಗೆ ಮಾಡುವ ಬಟ್ಟೆಯ ಗೂಡು, ಕೈಯಲ್ಲಿ ಹಿಡಿಯುವ ಉದ್ದನೆಯ ಕೋಲು. ಇನ್ನೊಂದರಲ್ಲಿ ಎರಡು ಫ್ಲ್ಯಾಶ್, ಎರಡು ಸ್ಟ್ಯಾಂಡ್, ಬೆಳಕನ್ನು ಹರಡಲು ಎರಡು ಬಿಳಿ ಛತ್ರಿ. ಅಕ್ಕ ಕೋಲನ್ನು ಎತ್ತಿ, ಉದ್ದ ಮಾಡಿ, ಗಿಡ್ಡ ಮಾಡಿ ನೋಡಿದಳು. “ಭಾಳ ಹಗುರ ಐತಿ ತಮ್ಮಾ” ಅಂದಳು. ಅವಳ ಮುಖದಲ್ಲಿ ಅಷ್ಟು ಖುಷಿ ನಾನು — ಇರಲಿ.

ಅಂಗಡಿಯವನು ಮರಾಠಿಯಲ್ಲಿ ಕೇಳಿದ: ಕೋಲಿನದು ಒಳ್ಳೆಯದೇ, ಆದರೆ ಪ್ರತಿ ಮದುವೆಗೂ ಹಿಡಿಯಲು ಒಬ್ಬರು ಬೇಕು. ನಿಮಗೆ ಹಾಗೆ ಯಾರಾದರೂ ಇದ್ದಾರೆಯೇ?

“ಕೋಣೀ ನಾಹೀ” ಅಂದೆ. ಯಾರೂ ಇಲ್ಲ.

ಮರಾಠಿಯಲ್ಲಿ ಹೇಳಿದರೆ ಅವಳಿಗೆ ಅಷ್ಟಾಗಿ ತಾಗದು ಎಂದು ಅಂದುಕೊಂಡೆನೋ ಏನೋ. ನನಗಿಂತ ಎರಡು ವರ್ಗ ಹೆಚ್ಚು ಮರಾಠಿ ಶಾಲೆಯಲ್ಲಿ ಓದಿದವಳು ಅವಳು. ಕೋಲನ್ನು ಮೊದಲಿನಂತೆ ಗಿಡ್ಡ ಮಾಡಿ, ಸದ್ದಾಗದ ಹಾಗೆ ಗೋಡೆಗೆ ಒರಗಿಸಿದಳು.

ತಿರುಗಿ ಬರುವಾಗ ಎಸ್‌ಟಿ ಬಸ್ಸಿನಲ್ಲಿ ವಿಪರೀತ ಗದ್ದಲ. ಕಷ್ಟಪಟ್ಟು ಸಿಕ್ಕ ಸೀಟಿನಲ್ಲಿ ಅಕ್ಕ ಕೂತು, ಆ ಎರಡೂ ಸ್ಟ್ಯಾಂಡುಗಳನ್ನು ತೊಡೆಯ ಮೇಲೆ ಇಟ್ಟುಕೊಂಡಳು. ತನ್ನ ಜಾಗಕ್ಕೆ ಬಂದವುಗಳನ್ನು ತಾನೇ ಜತ್ತದವರೆಗೆ ಜೋಪಾನವಾಗಿ ಹೊತ್ತು ತಂದಳು. ನಾನು ಸುಮ್ಮನಿರಲಾರದೆ, ನಿನ್ನ ಕೈ ನೋಯುತ್ತದಲ್ಲ, ಅದಕ್ಕೇ ಇವನ್ನು ತಗೊಂಡೆ ಎಂದೆ.

“ಕೈ ನೋಯ್ತದಂತ ನಾ ಯಾವಾಗ ಅಂದೇನಿ?” ಅಂದಳು. ಅದರ ಮೇಲೆ ಆ ವಿಷಯದಲ್ಲಿ ಒಂದು ಮಾತೂ ಇಲ್ಲ — ಕೊನೆಯವರೆಗೂ ಇಲ್ಲ.

ಫೋಟೋಗಳು ಕೆಡಲಿಲ್ಲ. ಇದನ್ನೂ ಹೇಳಬೇಕು. ಕೆಟ್ಟಿದ್ದರೆ ಅದೇ ನೆಪ ಮಾಡಿ ಅವಳನ್ನು ಮತ್ತೆ ಕರೆಯುತ್ತಿದ್ದೆನೇನೋ. ಬಯಲಿನ ಗಾಳಿಗೆ ಛತ್ರಿ ಎರಡು ಸಲ ಮಗುಚಿ ಬಿತ್ತು. ಸ್ಟ್ಯಾಂಡಿನ ಕಾಲಿಗೆ ಉಸುಕಿನ ಚೀಲ ಕಟ್ಟುವುದನ್ನು ಕಲಿತೆ. ಅಕ್ಕ ಮದುವೆಗಳಿಗೆ ಬರುವುದನ್ನೇ ಬಿಟ್ಟಳು, ನೆಂಟರ ಮದುವೆಗೂ. ಆದರೆ ನಾನು ಹೊರಡುವ ದಿನ ಬೆಳಿಗ್ಗೆ ಬ್ಯಾಗು ತಯಾರಿರುತ್ತಿತ್ತು. ಚಾರ್ಜ್ ಆದ ಸೆಲ್ಲುಗಳಿಗೆ ಕೆಂಪು ದಾರ ಕಟ್ಟಿಟ್ಟಿರುತ್ತಿದ್ದಳು, ಗಡಿಬಿಡಿಯಲ್ಲಿ ನನಗೆ ತಪ್ಪಬಾರದೆಂದು. ಆ ದಾರಗಳು ಹಾಗೇ ಇವೆ. ಬಿಚ್ಚಲು ಮನಸ್ಸಾಗಿಲ್ಲ. ಈಗ ಯಾವುದು ತುಂಬಿದ್ದು, ಯಾವುದು ಖಾಲಿ ಎಂದು ದಾರ ನೋಡಿ ತಿಳಿಯುವುದಿಲ್ಲ.

ಹೊಸದಾಗಿ ಈ ಕೆಲಸಕ್ಕೆ ಇಳಿದವರು ಯಾವ ಕಿಟ್ ತಗೊಳ್ಳಲಿ ಎಂದು ನನಗೆ ಫೋನ್ ಮಾಡುತ್ತಾರೆ. ಬ್ಯಾಟರಿ ಎಷ್ಟು ಹೊತ್ತು ಬಾಳುತ್ತದೆ, ಒಮ್ಮೆ ಬೆಳಗಿದ ಮೇಲೆ ಮತ್ತೆ ತಯಾರಾಗಲು ಎಷ್ಟು ತಡ, ಛತ್ರಿ ಬಿಳಿಯದೋ ಬೆಳ್ಳಿ ಬಣ್ಣದ್ದೋ — ಎಲ್ಲ ಹೇಳುತ್ತೇನೆ. ನಾನು ಹೇಗೆ ಆರಿಸಿದೆ ಎಂಬುದನ್ನು ಮಾತ್ರ ಹೇಳಿರಲಿಲ್ಲ.

ಹೋದ ವಾರ ಡಫಳಾಪುರದಲ್ಲಿ ಒಂದು ಮದುವೆ. ಮದುಮಗಳೊಬ್ಬಳದೇ ಫೋಟೋ ತೆಗೆಯುತ್ತಿದ್ದೆ. ಬೆಳಕು ತುಸು ಕೆಳಗಿತ್ತು. ಕ್ಯಾಮೆರಾದಿಂದ ಕಣ್ಣು ತೆಗೆಯದೆಯೇ, “ಅಕ್ಕಾ, ಒಂದೀಟ ಮ್ಯಾಲೆ” ಅಂದೆ. ಸ್ಟ್ಯಾಂಡ್ ಇದ್ದಲ್ಲೇ ಇತ್ತು.

ಮದುಮಗಳು ಅತ್ತಿತ್ತ ನೋಡಿ, “ಯಾರನ್ನ ಕರದ್ರಿ?” ಅಂತ ಕೇಳಿದಳು.

ಯಾರನ್ನೂ ಇಲ್ಲ ಎಂಬ ಮಾತು ಬಾಯಿಗೇ ಬಂದಿತ್ತು.

“ನಮ್ಮ ಅಕ್ಕನ್ನವ್ವಾ” ಅಂದೆ. “ಲೈಟ್ ಆಕೀನೇ ಹಿಡೀತಿದ್ದಳು.”

ಕೇಳಬೇಕಾದವಳು ಅಲ್ಲಿರಲಿಲ್ಲ. ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಹೋಗಿ, ಸ್ಟ್ಯಾಂಡನ್ನು ಒಂದು ಗೇಣು ಏರಿಸಿ, ತಿರುಗಿ ನನ್ನ ಜಾಗಕ್ಕೆ ಬಂದು ನಿಂತೆ.