ಹುಲ್ಲಿನ ಮೇಲೆ ಜೋಡಿಸಿದ ತತ್ತಿಗಳು

ಸತ್ತೆವ್ವನ ಗಂಡ ದಾಂಡೇಲಿಯ ಕಾಗದ ಕಾರ್ಖಾನೆಯಲ್ಲಿ ದುಡಿಯಲೆಂದು ಧಾರವಾಡದ ಕಡೆಯಿಂದ ಬಂದವನು. ಅವನು ತೀರಿಕೊಂಡ ಮೇಲೆ ಅವಳು ಹಳಿಯಾಳದ ಹತ್ತಿರ ತಂಗಿಯ ಊರು ಸೇರಿ, ಮಹಾಬಳೇಶ್ವರನ ಹೋಂಸ್ಟೇಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ರಾತ್ರಿಯ ಅಡುಗೆಗೆ ಒಲೆ ಹೊತ್ತಿಸುವ ಮುಂಚೆ ಒಂದೂವರೆ ತಾಸು ಬಿಡುವು. ಆಗ ಕೆರೆಯ ಏರಿಯ ಮೇಲೆ ಕೂತು ಹಕ್ಕಿ ನೋಡುವಳು. ಪುಸ್ತಕದ ಹೆಸರುಗಳು ಅವಳಿಗೆ ಗೊತ್ತಿರಲಿಲ್ಲ. ಯಾವುದು ಎಲ್ಲಿ ಮೇಯುತ್ತದೆ, ಯಾವುದಕ್ಕೆ ಯಾವುದನ್ನು ಕಂಡರಾಗುವುದಿಲ್ಲ ಎನ್ನುವುದು ಮಾತ್ರ ಚೆನ್ನಾಗಿ ಗೊತ್ತಿತ್ತು.

ಈ ಸಲ ಯುಗಾದಿಯ ಹೊತ್ತಿಗೆ ನೀರು ಹಿಂದೆ ಸರಿದಾಗ, ಒಣಗಿದ ಕೆರೆಯಂಗಳದ ಕಲ್ಲುಗಳ ನಡುವೆ ಟಿಟ್ಟಿಭ ಹಕ್ಕಿಯೊಂದು ನಾಲ್ಕು ತತ್ತಿ ಇಟ್ಟಿತ್ತು. ಮಣ್ಣಿನದೇ ಬಣ್ಣ, ಮೇಲೆ ಕಪ್ಪು ಚುಕ್ಕೆ. ಎರಡು ಮಾರು ದೂರದಿಂದಲೂ ಕಾಣುತ್ತಿರಲಿಲ್ಲ. ಎಮ್ಮೆ ತುಳಿಯದಿರಲೆಂದು ಸತ್ತೆವ್ವ ಸುತ್ತ ಜಾಲಿಮುಳ್ಳು ಎಳೆದಿಟ್ಟಳು. ಮಹಾಬಳೇಶ್ವರನಿಗೂ ಹೇಳಿದಳು: "ನಿಮ್ಮ ಮಂದಿ ಏರಿ ಮ್ಯಾಲ ನಿಂತು ನೋಡ್ಲಿರಿ. ಕೆಳಗ ಇಳಿಸಬ್ಯಾಡ್ರಿ." ಅವನು ಆಗಲಿ ಅಂದಿದ್ದ.

ಒಂದು ಸಂಜೆ ಅವಳು ಬರುವಷ್ಟರಲ್ಲಿ ಹೋಂಸ್ಟೇಗೆ ಬಂದಿದ್ದ ಇಬ್ಬರು ಕ್ಯಾಮೆರಾ ಹಿಡಿದು ಕೆಳಗಿಳಿದಿದ್ದರು. ಮುಳ್ಳು ಸರಿಸಿ, ತತ್ತಿಗಳನ್ನು ಎತ್ತಿ, ನೀರಿನಂಚಿನ ಹಸಿರು ಹುಲ್ಲಿನ ಮೇಲೆ ಚೆಂದಾಗಿ ಜೋಡಿಸಿದ್ದರು. ಹಕ್ಕಿ ಅವರ ತಲೆಯ ಮೇಲೆ ಅರಚುತ್ತ ಸುತ್ತುತ್ತಿತ್ತು.

"ಯಾರು ಮುಟ್ಟಿದ್ರಿ ಇವನ್ನ?"

"ಕಲ್ಲಿನ ಮಧ್ಯೆ ಫೋಟೋ ಚೆನ್ನಾಗಿ ಬರಲ್ಲ ಅಜ್ಜಿ. ಆಮೇಲೆ ವಾಪಸ್ ಇಡ್ತೀವಿ," ಎಂದ ಒಬ್ಬ, ಕ್ಯಾಮೆರಾದಿಂದ ಕಣ್ಣು ತೆಗೆಯದೆ.

ಸತ್ತೆವ್ವನ ಮೈ ಉರಿಯಿತು. "ನಿಮ್ಮ ಮನಿ ಬಾಣಂತಿ ಮಗ್ಗಲದಾಗಿನ ಕೂಸನ್ನ ಎತ್ತಿ, ಬೆಳಕು ಛಲೋ ಐತಿ ಅಂತ ರಸ್ತಾದಾಗ ಮಲಗಿಸ್ತೀರೇನು?" ಎಂದವಳೇ ಕ್ಯಾಮೆರಾಗೆ ಅಡ್ಡಲಾಗಿ ಕುಕ್ಕರಗಾಲಲ್ಲಿ ಕೂತಳು. ಒಂದು ತತ್ತಿ ಬಿರುಕು ಬಿಟ್ಟಿತ್ತು. ಉಳಿದ ಮೂರನ್ನು ಸೆರಗಿನಲ್ಲಿ ಹಿಡಿದೊಯ್ದು ಹಳೆಯ ಕುಳಿಯಲ್ಲೇ ಇಟ್ಟಳು. "ಏರಿ ಹತ್ರಿ ಇನ್ನ. ನೀವು ಹೋಗೂತನಕ ಅದು ಇಳಿಯಂಗಿಲ್ಲ."

ಅವರು ಗೊಣಗುತ್ತ ಹೋದರು. ಹೊತ್ತು ಮುಳುಗುವ ಮುಂದೆ ಹಕ್ಕಿ ನೆಲಕ್ಕಿಳಿದು, ನಾಲ್ಕು ಹೆಜ್ಜೆಗೊಮ್ಮೆ ನಿಂತು ನೋಡುತ್ತ ಬಂದು, ತತ್ತಿಯ ಮೇಲೆ ಕೂತಿತು.

ಹೋಂಸ್ಟೇಯಲ್ಲಿ ಮಹಾಬಳೇಶ್ವರ ಅಡುಗೆಮನೆಯ ಬಾಗಿಲಲ್ಲೇ ಕಾಯುತ್ತಿದ್ದ. ದೂರು ಅವಳಿಗಿಂತ ಮೊದಲೇ ಮುಟ್ಟಿತ್ತು.

"ಸತ್ತೆವ್ವಾ, ಒಂದ್ಸಲ ತಪ್ಪಾತು ಅಂದುಬಿಡು. ಮೂರು ತತ್ತಿ ಸಲುವಾಗಿ ಗಿರಾಕಿ ಕಳಕೋಬೇಕೇನು?"

"ಗ್ವಾಡಿ ತುಂಬ ಹಕ್ಕಿ ಚಿತ್ರ ಬರಸೀರಿ. ಅವನ್ನ ತೋರಿಸೇ ಮಂದೀನ ಕರೀತೀರಿ. ತಪ್ಪಾತು ಅಂತ ನಾ ಅನ್ನಬೇಕೇನ್ರಿ?"

ರೊಟ್ಟಿಗೆ ತೆಗೆದಿಟ್ಟಿದ್ದ ಹಿಟ್ಟನ್ನು ಅಲ್ಲೇ ಬಿಟ್ಟು ಅವಳು ಹೊರಬಿದ್ದಳು.

ಹದಿನೈದು ದಿನಕ್ಕೆ ಎರಡು ಮರಿಗಳಾದವು. ಮೂರನೆಯ ತತ್ತಿ ಕೆಟ್ಟುಹೋಯಿತು. ಅಷ್ಟರಲ್ಲಿ ಹುಲ್ಲಿನ ಮೇಲಿನ ನಾಲ್ಕು ತತ್ತಿಗಳ ಫೋಟೋ ಹೋಂಸ್ಟೇಯ ಜಾಹೀರಾತಿನಲ್ಲಿ ಬಂದಿತ್ತು. ತಂಗಿ ಮೊಬೈಲಿನಲ್ಲಿ ತೋರಿಸಿದಾಗ ಸತ್ತೆವ್ವನಿಗೆ ಆ ದಿನದ ಊಟ ಸೇರಲಿಲ್ಲ. ಕೆಲಸಕ್ಕೆ ಮರಳಿ ಬಾ ಎಂದು ಮಹಾಬಳೇಶ್ವರ ಎರಡು ಸಲ ಹೇಳಿಕಳಿಸಿದ. "ಆ ಫೋಟೋ ತಗೀಲಿ, ಏರಿಗೆ ಬೇಲಿ ಹಾಕಿಸ್ಲಿ. ಆಮ್ಯಾಲ ಮಾತಾಡೂಣು," ಎಂದು ಉತ್ತರ ಕಳಿಸಿದಳು.

ಈಗ ಅವಳು ಹಳಿಯಾಳದ ಬಸ್‌ಸ್ಟ್ಯಾಂಡ್ ಹತ್ತಿರದ ಖಾನಾವಳಿಯಲ್ಲಿ ರೊಟ್ಟಿ ಮಾಡುತ್ತಾಳೆ.