ಬಿಳಿ ಕಾರಿನ ಸದ್ದು

ಚನ್ನಬಸವಣ್ಣನವರನ್ನು ನಾನು ಮೊದಲು ಕಂಡದ್ದು ಒಂದು ಶುಕ್ರವಾರ. ಹುಣಸೂರಿನಲ್ಲಿ ನಾನು ಹೊಲಿಗೆ ಕೆಲಸ ಮಾಡುವ ನಮ್ಮ ಮನೆ ಜಗುಲಿಯ ಮೇಲೆ ಕಾರಿನ ಸೀಟೊಂದನ್ನು ಇಳಿಸಿ, ಚರ್ಮ ಬಿಟ್ಟುಕೊಂಡಿದೆ, ಹೊಲಿಗೆ ಹಳೆಯ ತೂತುಗಳಲ್ಲೇ ಬೀಳಬೇಕು, ಹೊಸ ತೂತು ಒಂದೂ ಆಗಬಾರದು ಎಂದರು. ಕೈಯಲ್ಲೇ ಹೊಲಿದೆ. ಮೂರು ದಿನ ಹಿಡಿಯಿತು. ಹೊಲಿಗೆಯನ್ನೆಲ್ಲ ಬೆರಳಲ್ಲಿ ಸವರಿ ನೋಡಿ, ಇನ್ನೊಂದು ಕಾರಿನ ಸೀಟನ್ನೂ ತಂದುಕೊಟ್ಟರು.

ಅವರು ಪಿರಿಯಾಪಟ್ಟಣ ರಸ್ತೆಯ ಹೊಗೆಸೊಪ್ಪಿನ ವ್ಯಾಪಾರಿ ನಂಜುಂಡೇಶ್ ಅವರ ಮೆಕ್ಯಾನಿಕ್. ಶೆಡ್ಡಿನಲ್ಲಿ ಎರಡೇ ಕಾರು: ಇಂಗ್ಲೆಂಡಿನ ಹಸಿರು ಜಾಗ್ವಾರ್, ಜರ್ಮನಿಯ ಬಿಳಿ ಬೆಂಜ್. ಎರಡೂ ಅರವತ್ತರ ದಶಕದವು. ಇಬ್ಬರು ಕೂತು ದೇಶದಿಂದ ದೇಶಕ್ಕೆ ಆಯಾಸವಿಲ್ಲದೆ ಹೋಗಲೆಂದು ಮಾಡಿದವು. ಹಸಿರಿನದಕ್ಕೆ ಉದ್ದ ಮೂತಿ. ಒಳಗೆ ಕಾಲು ಚಾಚಿ, ಮಲಗಿದ ಹಾಗೆ ಒರಗಬೇಕು. ಬಿಳಿಯದರಲ್ಲಿ ಕುರ್ಚಿಯ ಮೇಲೆ ಕೂತಂತೆ ನೆಟ್ಟಗೆ, ಸುತ್ತಲೂ ಗಾಜು.

“ಜಾಗ್ವಾರು ಒಸ ಅಳೀಮಯ್ಯ ಕಣ್ರವ್ವ, ಮರ್ಯಾದೆ ಮಾಡ್ತಾನೇ ಇರ್ಬೇಕು. ಬೆಂಜು ಮನೆಮಗಳು” ಎನ್ನುತ್ತಿದ್ದರು. ಅವರಿಗೆ ಹೆಂಡತಿ ಮಕ್ಕಳಿರಲಿಲ್ಲ. ಬಿಳಿಯದರ ಪಕ್ಕದಲ್ಲೇ ಅವರ ಚಾಪೆ.

ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೊತ್ತಿ ಕೇಳುವುದು ಅವರ ಪದ್ಧತಿ. ಅರವತ್ತೆಂಟನೆಯ ವಯಸ್ಸಿಗೆ ಎರಡು ಕಿವಿಯೂ ಹೋದವು. ಆಮೇಲೆ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ ಎಂಜಿನ್ನಿನ ನಡುಕ ತಿಳಿಯುತ್ತಿದ್ದರು. ಯಜಮಾನರು ತೀರಿಕೊಂಡ ಮೇಲೆ ಮಗ ರೇಣುಕಾಪ್ರಸಾದ್, ಎರಡನ್ನೂ ನೋಡಿಕೊಳ್ಳುವುದು ಇನ್ನು ನಿಮಗೆ ಕಷ್ಟ, ಒಂದನ್ನು ಇಟ್ಟುಕೊಳ್ಳೋಣ, ಗಟ್ಟಿಯಾಗಿರುವುದು ಯಾವುದೆಂದು ನೀವೇ ಹೇಳಿ ಎಂದು ಚೀಟಿಯಲ್ಲಿ ಬರೆದುಕೊಟ್ಟರು.

ಗಾಡಿ ಓಡಿಸುತ್ತ ಹಲ್ಲಿನಲ್ಲಿ ಕೇಳಲಾಗದು. ನನ್ನನ್ನು ಕರೆದರು.

“ಏನಾದ್ರೂ ಸದ್ದು ಕೇಳುದ್ರೆ ಬೆರಳೆತ್ತಿ, ಸಾಕು. ಬಿಳೀದು ಒಂಟೋದ್ರೆ ನಂಗಿನ್ನೇನದೆ. ಅಂಗಂತ ಮುಚ್ಚಿಡ್ಬೇಡಿ ಕಣ್ರವ್ವ.”

ಎರಡನ್ನೂ ಎಚ್.ಡಿ. ಕೋಟೆ ಮಾರ್ಗವಾಗಿ ಅಂತರಸಂತೆವರೆಗೆ, ಒಂದೇ ದಾರಿಯಲ್ಲಿ ಓಡಿಸಿದರು. ಹಸಿರಿನದರಲ್ಲಿ ಒಂದು ಸಲವೂ ಬೆರಳೆತ್ತಲಿಲ್ಲ. ಬಿಳಿಯದು ಬಲಕ್ಕೆ ತಿರುಗಿದಾಗಲೆಲ್ಲ ಟಿಕ್ ಟಿಕ್. ಒಂಬತ್ತು ಸಲ ಎತ್ತಿದೆ. ಅವರು ಪ್ರತಿ ಸಲವೂ ಬೆರಳು ನೋಡಿ, ಮತ್ತೆ ರಸ್ತೆ ನೋಡಿದರು. ನನ್ನ ಎಡಗಡೆ ಬಾಗಿಲ ಹತ್ತಿರ ಎಂದು ಕೈ ತೋರಿಸಿದೆ. ಬಾಗಿಲನ್ನೇ ಬಿಚ್ಚಿ ಒಂದು ವಾರ ಹುಡುಕಿದರು. ಸಿಗಲಿಲ್ಲ. ಸಿಗದ ಸದ್ದಿರುವ ಗಾಡಿಯನ್ನು ಗಟ್ಟಿ ಎನ್ನಲಾರೆ ಎಂದು ಹಸಿರಿನದರ ಹೆಸರು ಹೇಳಿದರು. ಬಿಳಿಯದನ್ನು ಕೇರಳದವರು ಕೊಂಡುಹೋದರು.

ಎರಡು ತಿಂಗಳ ಮೇಲೆ ಕೆ.ಆರ್. ನಗರದ ಬಸ್ಸಿನಲ್ಲಿ ಎಡಗಡೆಯ ಕಿಟಕಿಗೆ ಕೂತಿದ್ದೆ. ಬಲ ತಿರುವಿನಲ್ಲಿ ಅದೇ ಟಿಕ್ ಟಿಕ್. ನನ್ನ ಸೊಂಟದ ಬೀಗದಕೈ ಗೊಂಚಲು ಪಕ್ಕದ ತಗಡಿಗೆ ಬಡಿಯುತ್ತಿತ್ತು. ಹಸಿರಿನದರಲ್ಲಿ ಕೂತ ಹಾಗೆ ಒರಗಿ ನೋಡಿದೆ, ಗೊಂಚಲು ಮಡಿಲಿಗೆ ಬಿತ್ತು, ಸದ್ದು ನಿಂತಿತು. ಮದುವೆಯಾದಂದಿನಿಂದ ಸೊಂಟದಲ್ಲೇ ಇರುವುದು. ಅಂದು ತೆಗೆದಿಡಬೇಕೆಂದು ಹೊಳೆಯಲೇ ಇಲ್ಲ.

ಮಾರನೆಯ ದಿನ ಹೇಳಿಬಿಡಲೆಂದು ಶೆಡ್ಡಿಗೆ ಹೋದೆ. ಜ್ವರದಲ್ಲಿ ಮಲಗಿದ್ದರು. ಚಾಪೆ ಅದೇ ಜಾಗದಲ್ಲಿತ್ತು, ಪಕ್ಕದಲ್ಲಿ ಬರೀ ಸಿಮೆಂಟು ನೆಲ. ಅವರಿಗೆ ತೋರಿಸಲು ಗೊಂಚಲನ್ನು ಕೈಯಲ್ಲೇ ಹಿಡಿದಿದ್ದೆ. ತೋರಿಸಲಾಗಲಿಲ್ಲ. ನಾಲ್ಕನೆಯ ದಿನ ಹೋಗಿಬಿಟ್ಟರು. ಅವರು ನನ್ನನ್ನು ಕೊನೆಗೆ ಕೇಳಿದ್ದು ನಾನು ಗೊಂಚಲು ಹಿಡಿದು ಹೋದ ಆ ದಿನವೇ, ನನ್ನ ಮುಖ ಕಂಡ ಕೂಡಲೇ:

“ಕೇರಳದೋರ್ಗೆ ಆ ಸದ್ದು ಸಿಕ್ತಂತಾ ಕಣ್ರವ್ವ?”